ಭೀಮಪಲಾಸಿಗೆ ತೀವ್ರ ಮಧ್ಯಮ: ಅಪ್ಪನ ಚೀಜುಗಳು ಮತ್ತು ಎಂಇಐ ಫ್ರೆಂಡ್

ಅಪ್ಪನ ಚೀಜುಗಳ, ಅಂದರೆ ಹಿಂದೂಸ್ತಾನಿ ಹಾಡುಗಳನ್ನು ಸ್ವರ ಹಾಕಿ ಬರೆದಿಟ್ಟ, ನೋಟ್‌ಬುಕ್ ಒಟ್ಟು ಮೂರು. ಧಾರವಾಡದ ಮನೆ ಖಾಲಿ ಮಾಡುವಾಗ ತಮ್ಮ ಅವನ್ನು ಒಂದು ರಟ್ಟಿನ ಡಬ್ಬಿಗೆ ಹಾಕಿ ಪುಣೆಗೆ ಕಳಿಸಿದ. "ಅಕ್ಕಾ, ನೀನ ಇಟ್ಕೋ. ನನಗ ಸಾ ಯಾವುದು, ಪಾ ಯಾವುದು ಗೊತ್ತಾಗಂಗಿಲ್ಲ" ಅಂದ. ಎರಡು ವರ್ಷ ಕೋಥರೂಡಿನ ನಮ್ಮ ಫ್ಲ್ಯಾಟಿನ ಅಟ್ಟದ ಮೇಲೆ ಇದ್ದವು. ಹೋದ ಮಳೆಗಾಲದಲ್ಲಿ ಗೋಡೆ ನೀರು ಕುಡಿದು ಒಂದು ನೋಟ್‌ಬುಕ್ಕಿನ ಅಂಚು ಉಬ್ಬಿತು. ಆಗ ನನಗೆ ಎಚ್ಚರವಾಯಿತು. ಅವನ್ನು ಕಂಪ್ಯೂಟರಿಗೆ ಏರಿಸಲು ಕೊನೆಗೆ ನಾನು ಬಳಸಿದ ಎಂಇಐ ಫ್ರೆಂಡ್ ಎಂಬ ಸಾಧನದ ವಿಮರ್ಶೆ ಇದು.

ಮೊದಲು ಮಾಡಿದ ಕೆಲಸ ಪೇಠೆಯ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದು. ಪುಟಕ್ಕೆ 60 ರೂಪಾಯಿ. ಹುಡುಗ ಮರಾಠಿಯವನು, ಕನ್ನಡ ಓದಲು ಬರುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಒಂದೊಂದೇ ಸ್ವರ ಹೇಳಿದೆ, ಚಿಹ್ನೆಗಳನ್ನು ಅವನು ಪುಟ ನೋಡಿ ಹಾಕಿದ. ಎಲ್ಲ ದೇವನಾಗರಿಯಲ್ಲಿ ಟೈಪ್ ಮಾಡಿ, ಆಮೇಲೆ ಒಂದು ಸಾಫ್ಟ್‌ವೇರಿನಲ್ಲಿ ಕನ್ನಡಕ್ಕೆ ತಿರುಗಿಸಿದ. ಬಂದ ಪ್ರತಿ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾರ ಸಪ್ತಕದ, ಅಂದರೆ ಮೇಲಿನ ಸ್ಥಾಯಿಯ, ಸಾ ಬರೆಯಲು ಮೇಲೊಂದು ಚುಕ್ಕೆ ಇಡುತ್ತಾರೆ ಅಲ್ವಾ, ದೇವನಾಗರಿಯಲ್ಲಿ ಆ ಚುಕ್ಕೆಗೆ ಅವನು ಅನುಸ್ವಾರ ಒತ್ತಿದ್ದ. ಕನ್ನಡಕ್ಕೆ ಬಂದಾಗ ಅದು ಸೊನ್ನೆಯಾಯಿತು. ಪುಟದ ತುಂಬ ಸಾಂ, ನಿಂ, ಪಂ. ಅಪ್ಪ ರಾಗ ಹಾಡಿದ ಹಾಗಿರಲಿಲ್ಲ, ಮಂತ್ರ ಹೇಳಿದ ಹಾಗಿತ್ತು.

ಇನ್ನೊಂದು ಜಾಗದಲ್ಲಿ ಭೀಮಪಲಾಸಿ ರಾಗಕ್ಕೆ ತೀವ್ರ ಮಧ್ಯಮ, ಅಂದರೆ ಏರಿಸಿದ ಮ, ಹಾಕಿದ್ದ. ಭೀಮಪಲಾಸಿಗೆ! ಗ, ನಿ ಎರಡು ಕೋಮಲ (ಇಳಿಸಿದ ಸ್ವರ) ಬಿಟ್ಟರೆ ಉಳಿದದ್ದೆಲ್ಲ ಶುದ್ಧ ಅಂತ ಮೊದಲ ವರ್ಷದ ಮಕ್ಕಳಿಗೂ ಗೊತ್ತು. ನಾನು ಅಂಗಡಿಯಲ್ಲೇ ರೇಗಾಡಿ, ದುಡ್ಡು ಕೊಟ್ಟು, ನೋಟ್‌ಬುಕ್ ಎತ್ತಿಕೊಂಡು ಬಂದೆ. ರೇಗಿದ್ದು ಅರ್ಧ ತಪ್ಪು ಅಂತ ಆಮೇಲೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ವಿಮರ್ಶೆಗೆ ಬರೋಣ. ಮಗ ಹುಡುಕಿಕೊಟ್ಟ ಸಾಧನದ ಹೆಸರು ಎಂಇಐ ಫ್ರೆಂಡ್. ಇನ್‌ಸ್ಟಾಲ್ ಮಾಡುವುದೇ ಬೇಡ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಪೂರ್ತಿ ಉಚಿತ. ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯದ ವರ್ನರ್ ಗೋಬ್ಲ್ ಮತ್ತು ಡೇವಿಡ್ ವೈಗ್ಲ್ ಕಟ್ಟಿದ್ದು. ಎಂಇಐ ಅಂದರೆ ಮ್ಯೂಸಿಕ್ ಎನ್‌ಕೋಡಿಂಗ್ ಇನಿಷಿಯೇಟಿವ್. ಸಂಗೀತದ ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆದಿಡುವ ಒಂದು ಪದ್ಧತಿ ಅದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪೆರ್ರಿ ರೋಲಂಡ್ ಶುರು ಮಾಡಿದ್ದು. ಆ ಬರಹವನ್ನು ತೆರೆಯ ಮೇಲೆ ಸ್ವರಗಳಾಗಿ ಚಿತ್ರಿಸುವುದು ವೆರೋವಿಯೋ ಎಂಬ ಇನ್ನೊಂದು ಸಾಫ್ಟ್‌ವೇರ್, ಅದು ಸ್ವಿಟ್ಜರ್‌ಲೆಂಡಿನದು. ಸಾಲ್ಜ್‌ಬರ್ಗಿನ ಮೊಜಾರ್ಟೇಯಂ ಸಂಸ್ಥೆಯವರ ಡಿಜಿಟಲ್ ಮೊಜಾರ್ಟ್ ಆವೃತ್ತಿ ನಡೆಯುವುದೂ ಇದೇ ಎಂಇಐ, ವೆರೋವಿಯೋ ಜೋಡಿಯ ಮೇಲೆ. ಅದೇ ಸಂಸ್ಥೆ 2006ರಲ್ಲಿ ಮೊಜಾರ್ಟನ ಸಮಗ್ರ ಕೃತಿಗಳ ಅಚ್ಚಿನ ಪುಟಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಇಟ್ಟಿತ್ತು. ಆದರೆ ಅವು ಫೋಟೋ ಮಾತ್ರ. ಫೋಟೋದೊಳಗಿನ ಒಂದು ಸ್ವರವನ್ನು ಹುಡುಕಲು ಆಗುವುದಿಲ್ಲ. ಎರಡು ಪ್ರತಿಗಳ ನಡುವಿನ ವ್ಯತ್ಯಾಸ ತೋರಿಸು ಅಂದರೆ ಫೋಟೋ ತೋರಿಸುವುದಿಲ್ಲ. ಎಂಇಐ ಬೇಕಾಗುವುದು ಅಲ್ಲಿ.

"ಫೋಟೋ ತಗದು ಪಿಡಿಎಫ್ ಮಾಡಿದ್ರ ಮುಗೀತಲ್ಲ" ಅಂತ ತಮ್ಮ ಹೇಳಿದ. ಅವನಿಗೆ ಅದು ಸಾಕು. ನನಗೆ ಸಾಲಲಿಲ್ಲ. ಯಾಕೆಂದರೆ ಅಪ್ಪ ಒಂದೇ ಚೀಜನ್ನು ಎರಡು ನೋಟ್‌ಬುಕ್ಕಿನಲ್ಲಿ ಎರಡು ಥರ ಬರೆದಿದ್ದಾರೆ. 1987ರ ಒಂದು ಕ್ಯಾಸೆಟ್ಟಿನಲ್ಲಿ ಮೂರನೆಯ ಥರ ಹಾಡಿದ್ದಾರೆ.

ನಾನು ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿದ್ದವಳು. ನಾನು ಸೇರಿದಾಗ ಲೆಡ್ಜರ್ ಇನ್ನೂ ಕೈಯಲ್ಲೇ ಬರೆಯುತ್ತಿದ್ದೆವು. ಅಲ್ಲಿ ರಬ್ಬರಿಗೆ ಜಾಗವಿಲ್ಲ. ತಪ್ಪಾದರೆ ಓದಲು ಬರುವ ಹಾಗೆ ಒಂದು ಗೀಟು ಎಳೆಯಬೇಕು, ಮೇಲೆ ಸರಿಯಾದ ಅಂಕಿ ಬರೆಯಬೇಕು, ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ಎಂಇಐ ಕಂಡಾಗ ನನಗೆ ಹೊಸದು ಅನ್ನಿಸಲೇ ಇಲ್ಲ. ಹೊಡೆದುಹಾಕಿದ್ದಕ್ಕೆ ಡೆಲ್, ಸೇರಿಸಿದ್ದಕ್ಕೆ ಆ್ಯಡ್, ಓದಲು ಕಷ್ಟವಾದದ್ದಕ್ಕೆ ಅನ್‌ಕ್ಲಿಯರ್, ನಾವೇ ತುಂಬಿದ್ದಕ್ಕೆ ಸಪ್ಲೈಡ್. ಯಾರು ಹೀಗೆ ತೀರ್ಮಾನ ಮಾಡಿದರು ಅನ್ನುವುದಕ್ಕೆ ರೆಸ್ಪ್ ಅಂತ ಒಂದು ಗುರುತು. ಅದೇ ಇನಿಷಿಯಲ್ ಕಣ್ರೀ!

ಶುರು ಮಾಡಿದ್ದು ಮಾತ್ರ ನೇರವಾಗಿ ಎಂಇಐಯಲ್ಲಿ ಅಲ್ಲ. ಮೊದಲು ಮ್ಯೂಸ್‌ಸ್ಕೋರ್ ಎಂಬ ಸಂಗೀತ ಬರೆಯುವ ಸಾಫ್ಟ್‌ವೇರಿನಲ್ಲಿ ಸ್ವರ ತುಂಬಿದೆ. ಅದೂ ಉಚಿತ. ಸಾ ಅಂದರೆ ಸಿ ಅಂತ ಇಟ್ಟುಕೊಂಡರೆ ಭೀಮಪಲಾಸಿಗೆ ಎರಡು ಫ್ಲ್ಯಾಟ್ (ಪಾಶ್ಚಾತ್ಯರ ಕೋಮಲ) ಸಾಕು. ತೀನ್‌ತಾಲದ 16 ಮಾತ್ರೆ ನಾಲ್ಕು ನಾಲ್ಕರ ನಾಲ್ಕು ಮನೆಗಳಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅಲ್ಲಿಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ ತೆಗೆದು ಎಂಇಐ ಫ್ರೆಂಡ್‌ನಲ್ಲಿ ತೆರೆದರೆ ಅದೇ ಎಂಇಐ ಆಗಿ ಬದಲಾಗುತ್ತದೆ. ಒಂದು ಕಡೆ ಕೋಡ್, ಇನ್ನೊಂದು ಕಡೆ ಸ್ವರ. ಸ್ವರದ ಮೇಲೆ ಒತ್ತಿದರೆ ಕೋಡಿನ ಆ ಸಾಲಿಗೇ ಕರೆದುಕೊಂಡು ಹೋಗುತ್ತದೆ. ಕೋಡ್ ಅಂದರೆ ಹೆದರುವವರಿಗೆ ಇದೊಂದೇ ದೊಡ್ಡ ಸಮಾಧಾನ. ನಾನು ಮೊದಲ ವಾರವೆಲ್ಲ ಸುಮ್ನೆ ಒತ್ತಿ ಒತ್ತಿಯೇ ಕಲಿತೆ.

ಇನ್ನು ಆ ರಾತ್ರಿಯ ಕಥೆ. ಮೊದಲ ನೋಟ್‌ಬುಕ್ಕಿನ ಭೀಮಪಲಾಸಿ ತುಂಬಿ ಮುಗಿಸಿದ್ದೆ. ಲೆಡ್ಜರ್ ಕಾಪಿ ಮಾಡಿದ ಹಾಗೆ, ಚುಕ್ಕೆ ಕಂಡಲ್ಲಿ ತಾರ ಸಪ್ತಕ ಅಂತ. ಎಂಇಐ ಫ್ರೆಂಡ್‌ನಲ್ಲಿ ಪ್ಲೇ ಗುಂಡಿ ಇದೆ, ಒತ್ತಿದೆ. ಚೀಜಿನ ಆರಂಭದ ತುಂಡಾದ ಮುಖಡಾದ ಮೊದಲ ನಿಷಾದ ಕಿರುಚಿಕೊಂಡು ಮೇಲೆ ಹೋಯಿತು, ಮುಂದಿನ ಸಾ ದಬ್ಬನೆ ಕೆಳಗೆ ಬಿತ್ತು. ಯಾವ ಊರಿನ ಭೀಮಪಲಾಸಿ ಇದು? ನಿ ಸಾ ಗ ಮ ಪ ಅಂತ ಮಂದ್ರದ, ಅಂದರೆ ಕೆಳಗಿನ ಸಪ್ತಕದ, ನಿಷಾದದಿಂದ ಏಳಬೇಕಾದ ರಾಗ. ನೋಟ್‌ಬುಕ್ ನೋಡಿದೆ. ನಿ ಮೇಲೆ ಚುಕ್ಕೆ ಇದೆ, ಅನುಮಾನವೇ ಇಲ್ಲ. ಗ ಅಡಿಯಲ್ಲಿ ಅಡ್ಡಗೀಟು ಇರಬೇಕಾದ ಕಡೆ ಒಂದು ಓರೆ ಗೀಟು. ತಾಳದ ಮೊದಲ ಮಾತ್ರೆಯಾದ ಸಮದ ಕೆಳಗೆ ಗುಣಾಕಾರದ ಗುರುತಿಲ್ಲ, 1 ಅಂತ ಇದೆ. ಚಪ್ಪಾಳೆ ಇಲ್ಲದ ಖಾಲಿಗೆ ಸೊನ್ನೆ ಇಲ್ಲ, ಕೂಡಿಸುವ ಚಿಹ್ನೆ ಇದೆ.

ಆಗ ಹೊಳೆಯಿತು. ಇದು ಸ್ವರ ಬರೆಯುವ ಭಾತಖಂಡೆ ಪದ್ಧತಿಯೇ ಅಲ್ಲ, ಪಲುಸ್ಕರ್ ಪದ್ಧತಿ. ಅಪ್ಪನ ಮೊದಲ ಗುರುಗಳು ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆ ಕಟ್ಟಿಸುತ್ತಿದ್ದವರು. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಆ ವಿದ್ಯಾಲಯ ತೆರೆದರು, 1908ರಲ್ಲಿ ಮುಂಬೈಗೂ ತಂದರು. ಅವರ ಬರವಣಿಗೆಯಲ್ಲಿ ಮೇಲಿನ ಚುಕ್ಕೆ ಅಂದರೆ ಮಂದ್ರ. ಮೇಲಿನ ನಿಂತ ಗೀಟು ಅಂದರೆ ತಾರ. ವಾಲ್ಕೇಶ್ವರದಲ್ಲಿ ಹುಟ್ಟಿದ ವಕೀಲ ಭಾತಖಂಡೆಯವರ ಪದ್ಧತಿಯಲ್ಲಿ ಮೇಲಿನ ಚುಕ್ಕೆ ತಾರ, ಕೆಳಗಿನ ಚುಕ್ಕೆ ಮಂದ್ರ. ಮಧ್ಯಮದ ಮೇಲೆ ನಿಂತ ಗೀಟು ಬಂದರೆ ತೀವ್ರ. ಅಂದರೆ ಅಂಗಡಿಯ ಹುಡುಗ ತೀವ್ರ ಮಧ್ಯಮ ಅಂತ ಓದಿದ್ದು ಅಪ್ಪನ ತಾರ ಮಧ್ಯಮವನ್ನು. ಅವನು ಎಲ್ಲರಂತೆ ಭಾತಖಂಡೆ ಕಣ್ಣಿನಿಂದ ನೋಡಿದ್ದ. ನಾನೂ ಚುಕ್ಕೆಗಳನ್ನು ಅದೇ ಕಣ್ಣಿನಿಂದ ನೋಡಿದ್ದೆ. ಅವನಿಗೆ ಬೈದ ನನಗೆ ಬೈಯಲು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ನೋಟ್‌ಬುಕ್ಕಿನ 38ನೇ ಪುಟದಲ್ಲಿ ಅಪ್ಪ ಪದ್ಧತಿ ಬದಲಿಸಿದ್ದಾರೆ. ನಡುವೆ ಒಂದು ಸಾಲು ಕೂಡ ಬರೆದಿಲ್ಲ. ಮಸಿಯ ಬಣ್ಣ ಮಾತ್ರ ಬೇರೆ. ಗುರು ಬದಲಾದದ್ದು ಆಗಲೇ ಇರಬೇಕು. ಮನೆಯಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ, ಅಮ್ಮನಿಗೂ.

ಎಂಇಐಯಲ್ಲಿ ಇದನ್ನು ಮರೆಮಾಚಲು ಆಗುವುದಿಲ್ಲ, ಮತ್ತು ಮರೆಮಾಚಬೇಕಾಗಿಯೂ ಇಲ್ಲ. ಕಾಗದದ ಮೇಲೆ ಚುಕ್ಕೆ ಎಲ್ಲಿದೆ ಅನ್ನುವುದಕ್ಕೆ ಒಂದು ಜಾಗ, ಆ ಸ್ವರ ಯಾವ ಸಪ್ತಕದ್ದು ಅನ್ನುವುದಕ್ಕೆ ಇನ್ನೊಂದು ಜಾಗ. ಚುಕ್ಕೆಗೆ ಫೋಟೋವನ್ನೇ ಸಾಕ್ಷಿ ಮಾಡಿದೆ. ಫ್ಯಾಕ್ಸಿಮಿಲಿ ಅಂತ ಒಂದು ಫಲಕ ಇದೆ. ನೋಟ್‌ಬುಕ್ಕಿನ ಪುಟದ ಫೋಟೋ ಹಾಕಿ, ಒಂದೊಂದು ಸಾಲಿನ ಸುತ್ತ ಚೌಕ ಎಳೆದು, ಆ ಚೌಕವನ್ನು ಕೋಡಿನ ಜಾಗಕ್ಕೆ ಗಂಟು ಹಾಕಬಹುದು. ಓದುವವರು ನನ್ನ ಮಾತು ನಂಬಬೇಕಾಗಿಲ್ಲ, ಅಪ್ಪನ ಕೈಬರಹ ಪಕ್ಕದಲ್ಲೇ ಇರುತ್ತದೆ.

ಪಾಠಭೇದಕ್ಕೆ ಆ್ಯಪ್ ಅಂತ ಒಂದು ಕಟ್ಟು, ಫೋನಿನ ಆ್ಯಪ್ ಅಲ್ಲ. ಅದರೊಳಗೆ ಒಂದೊಂದು ಪಾಠಕ್ಕೂ ಒಂದು ರೀಡಿಂಗ್. ಅಸ್ತಾಯಿಯ, ಅಂದರೆ ಚೀಜಿನ ಮೊದಲ ಭಾಗದ, ಕೊನೆಯಲ್ಲಿ ಮೊದಲ ನೋಟ್‌ಬುಕ್ ಪ ಮ ಗ ರೇ ಸಾ ಅಂತ ನೇರ ಇಳಿಯುತ್ತದೆ. ಎರಡನೆಯದರಲ್ಲಿ ಪಂಚಮ ಸಣ್ಣದಾಗಿ ಮಧ್ಯಮದ ತಲೆಯ ಮೇಲೆ ಕೂತು ಕಣ ಸ್ವರ ಆಗಿದೆ. ಕ್ಯಾಸೆಟ್ಟಿನಲ್ಲಿ ಅಪ್ಪ ಪಂಚಮದಿಂದ ಗಾಂಧಾರಕ್ಕೆ ಮೀಂಡ್‌ನಲ್ಲಿ ಜಾರುತ್ತಾರೆ, ಮಧ್ಯಮ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ಮೂರನ್ನೂ ಇಟ್ಟಿದ್ದೇನೆ. ಅಚ್ಚಿನ ಪುಸ್ತಕವಾದರೆ ಒಂದನ್ನು ಆರಿಸಿ ಉಳಿದವನ್ನು ಅಡಿಟಿಪ್ಪಣಿಗೆ ತಳ್ಳಬೇಕಾಗುತ್ತಿತ್ತು. ಇಲ್ಲಿ ಬೇಕಾದ ಪಾಠವನ್ನು ತೆರೆಯ ಮೇಲೆ ತರಬಹುದು. ಆದರೆ ಅದಕ್ಕೆ ಎಕ್ಸ್‌ಪಾತ್ ಎಂಬ ಭಾಷೆಯಲ್ಲಿ ಒಂದು ಸಾಲು ಬರೆದು ವೆರೋವಿಯೋಗೆ ಕೊಡಬೇಕು. ತಮ್ಮನಂಥವರಿಗೆ ಇದನ್ನು ಹೇಳಿ ನೋಡಿ! ಕೊನೆಗೆ ಮಗ ಮೂರು ಗುಂಡಿಗಳಿರುವ ಒಂದು ಸಣ್ಣ ವೆಬ್ ಪುಟ ಮಾಡಿಕೊಟ್ಟ. ಮನೆಯಲ್ಲಿ ಪ್ರೋಗ್ರಾಮ್ ಬರೆಯುವವರು ಇಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ಕೊರತೆಗಳು ಕಡಿಮೆ ಏನಿಲ್ಲ. ದೊಡ್ಡದು ಏನೆಂದರೆ ಸರಗಮ್ ಬರವಣಿಗೆಯೇ ಇದರಲ್ಲಿ ಇಲ್ಲ. ಎಂಇಐಗೆ ಪಾಶ್ಚಾತ್ಯ ಐದು ಗೆರೆ ಗೊತ್ತು, ಯುರೋಪಿನ ಹಳೆಯ ಚರ್ಚಿನ ನ್ಯೂಮ್ ಬರಹ ಗೊತ್ತು, ಲ್ಯೂಟ್ ವಾದ್ಯದ ಟ್ಯಾಬ್ಲೇಚರ್ ಬರಹ ಗೊತ್ತು. ಭಾತಖಂಡೆ, ಪಲುಸ್ಕರ್ ಇಬ್ಬರೂ ಗೊತ್ತಿಲ್ಲ. ನಾನು ಸ್ವರಗಳನ್ನು ಹಾಡಿನ ಸಾಹಿತ್ಯದ ಜಾಗದಲ್ಲಿ ಮೊದಲ ಸಾಲಾಗಿ ತುಂಬಿದೆ, ನಿಜವಾದ ಸಾಹಿತ್ಯವನ್ನು ಎರಡನೆಯ ಸಾಲಾಗಿ. ಕನ್ನಡ ಅಕ್ಷರ ಮೂಡುತ್ತದೆ, ಆದರೆ ನಡುವಿನ ಜಾಗದ ಲೆಕ್ಕ ತಪ್ಪುತ್ತದೆ. ಒತ್ತಕ್ಷರ ಬಂದಲ್ಲಿ ಪಕ್ಕದವರ ಮೈಮೇಲೆ ಬೀಳುತ್ತದೆ, ಸಂಜೆಯ ಲೋಕಲ್ಲಿನ ಹಾಗೆ. ಸಮ, ಖಾಲಿಯ ಗುರುತುಗಳನ್ನೂ ಸುಮ್ಮನೆ ಪಠ್ಯವಾಗಿ ಅಂಟಿಸಿದ್ದೇನೆ. ಅವು ತಾಳದ ಗುರುತು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಝಪತಾಲಕ್ಕೆ ಬಂದಾಗ 2, 3, 2, 3 ಅಂತ ಪ್ರತಿ ಮನೆಗೂ ಅಳತೆ ಬದಲಿಸಬೇಕಾಯಿತು. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋಯಿತು.

ಕೆಲಸ ಉಳಿಸಿಕೊಳ್ಳಲು ಗಿಟ್‌ಹಬ್ ಎಂಬ, ಫೈಲುಗಳನ್ನು ಇಡುವ ಜಾಲತಾಣದಲ್ಲಿ ಖಾತೆ ಇದ್ದರೆ ಒಳ್ಳೆಯದು. ಅದರ ಪರಿಭಾಷೆ ನನಗೆ ಇವತ್ತಿಗೂ ಪೂರ್ತಿ ಹಿಡಿದಿಲ್ಲ. ಆದರೆ ಯಾವ ದಿನ ಏನು ಬದಲಿಸಿದೆ ಅಂತ ಎಲ್ಲ ಉಳಿಯುತ್ತದೆ. ಚುಕ್ಕೆ ತಪ್ಪು ಓದಿದ್ದೂ ಅಲ್ಲೇ ಇದೆ, ತಿದ್ದಿದ್ದೂ ಅಲ್ಲೇ ಇದೆ. ಅಳಿಸು ಅಂದ ಮಗ. ಯಾಕೆ ಅಳಿಸಲಿ? ಫೋನಿನಲ್ಲಿ ಮಾತ್ರ ಈ ಕೆಲಸ ಬೇಡ, ಕಣ್ಣು ಹೋಗುತ್ತದೆ. ಲ್ಯಾಪ್‌ಟಾಪ್ ಬೇಕೇ ಬೇಕು.

ಮೊಮ್ಮಕ್ಕಳಿಗೆ ತೋರಿಸಲು ಅಂದವಾದ ಪುಸ್ತಕ ಬೇಕು ಅನ್ನುವವರು ಇದಕ್ಕೆ ಕೈ ಹಾಕಬೇಡಿ. ಒಳ್ಳೆಯ ಕೈಬರಹದವರ ಹತ್ತಿರ ಬರೆಸಿ, ಬೈಂಡ್ ಮಾಡಿಸಿ. ಒಂದೇ ನೋಟ್‌ಬುಕ್ ಇದ್ದು ಅದರಲ್ಲಿ ಕಾಟು ತಿದ್ದುಪಡಿ ಇಲ್ಲದಿದ್ದರೆ, ತಮ್ಮ ಹೇಳಿದ್ದೇ ಸರಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡಿ. ಎರಡು ಪ್ರತಿ ಜಗಳ ಆಡುತ್ತಿದ್ದು, ಆ ಜಗಳವೇ ನಿಮಗೆ ಬೇಕು ಅನ್ನುವುದಾದರೆ ಎಂಇಐ ಫ್ರೆಂಡ್ ತೆರೆಯಿರಿ. ಐದು ನಕ್ಷತ್ರ ಕೊಡುವುದಾದರೆ ನನ್ನದು ಮೂರೂವರೆ. ಕಳೆದ ಒಂದೂವರೆ ಸರಗಮ್ಮಿಗೆ. ಅವರು ಮಾಡಿದ್ದು ಅವರ ಸಂಗೀತಕ್ಕೆ, ನಮ್ಮದನ್ನು ತುರುಕಿದವಳು ನಾನು. ಆದರೂ ಕಳೆದಿದ್ದೇನೆ.

ನಾಲ್ಕು ತಿಂಗಳಲ್ಲಿ 22 ಚೀಜು ಮುಗಿದಿವೆ, ಎಲ್ಲ ಮಧ್ಯ ಲಯದವು. ಮೂರನೆಯ ನೋಟ್‌ಬುಕ್ಕಿನಲ್ಲಿ ಇರುವುದು ವಿಲಂಬಿತ, ಅಂದರೆ ನಿಧಾನ ಲಯದವು. ಮೊನ್ನೆ ಒಂದು ಪುಟ ತೆರೆದೆ. ಅಪ್ಪ ಮುಖಡಾ ಒಂದನ್ನೇ ಬರೆದು, ಅದರ ಕೆಳಗೆ "ಮುಂದ ಹೇಳಿಕೊಟ್ಟಂಗ" ಅಂತ ಬರೆದು ಬಿಟ್ಟಿದ್ದಾರೆ. ಉಳಿದ ಪುಟ ಖಾಲಿ. ಅದನ್ನು ಹಾಗೇ ಟಿಪ್ಪಣಿಯ ಜಾಗದಲ್ಲಿ ಟೈಪ್ ಮಾಡಿ, ಖಾಲಿ ಪುಟದ ಸುತ್ತಲೂ ಒಂದು ಚೌಕ ಎಳೆದು ಗಂಟು ಹಾಕಿದ್ದೇನೆ.