ಅರಟ್ಟೈ ಚೆನ್ನಾಗಿದೆ, ಅದಕ್ಕೋಸ್ಕರ ವಾಟ್ಸ್‌ಆ್ಯಪ್ ಬಂದ್ ಮಾಡೋದು ಬೇಡ

2025ರ ಸೆಪ್ಟೆಂಬರ್ ಕೊನೆಗೆ ಎಲ್ಲರ ಬಾಯಲ್ಲೂ ಅರಟ್ಟೈ ಹೆಸರೇ. ಚೆನ್ನೈನ ಝೋಹೋ ಕಂಪನಿ ಮಾಡಿದ ಮೆಸೇಜಿಂಗ್ ಆ್ಯಪ್. 2021ರಲ್ಲೇ ಬಂದಿತ್ತು, ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. ಕೇಂದ್ರದ ಮಂತ್ರಿಗಳು ಸ್ವದೇಶಿ ಆ್ಯಪ್ ಬಳಸಿ ಅಂದಿದ್ದೇ ತಡ, ದಿನಕ್ಕೆ 3,000 ಜನ ಸೇರ್ತಿದ್ದ ಕಡೆ ಮೂರೇ ದಿನದಲ್ಲಿ ಅದು 3.5 ಲಕ್ಷಕ್ಕೆ ಏರಿತು ಅಂತ ಝೋಹೋದ ಶ್ರೀಧರ್ ವೆಂಬು ಅವರೇ ಹೇಳಿದರು. ನಮ್ಮ ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರ ಗ್ರೂಪಿಗೂ ಲಿಂಕ್ ಬಂತು. ಬಂದಿದ್ದು ವಾಟ್ಸ್‌ಆ್ಯಪ್‌ನಲ್ಲೇ, ಅದು ಬೇರೆ ಮಾತು. ಅವತ್ತಿನಿಂದ ಬಳಸ್ತಾ ಇದ್ದೀನಿ, ಹಾಗಾಗಿ ಹೇಗಿದೆ ಅಂತ ಬರೀತೀನಿ.

ಹಾಕ್ಕೊಳ್ಳೋದು ಸುಲಭ. ನಂಬರ್ ಕೊಡಿ, ಓಟಿಪಿ ಹಾಕಿ, ಮುಗೀತು. ವಾಟ್ಸ್‌ಆ್ಯಪ್ ಬಳಸಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಹಳೇ ಫೋನಿನಲ್ಲೂ ತಡವರಿಸದೆ ಓಡುತ್ತೆ. ಟಿವಿಗೂ ಇದರ ಆ್ಯಪ್ ಇದೆ, ಮೀಟಿಂಗ್ ಮಾಡೋ ಸೌಲಭ್ಯ ಒಳಗೇ ಇದೆ. ಪಾಕೆಟ್ ಅಂತ ಒಂದು ಜಾಗ ಕೊಟ್ಟಿದ್ದಾರೆ, ನಮಗೆ ನಾವೇ ಏನಾದ್ರೂ ಹಾಕಿ ಇಟ್ಟುಕೊಳ್ಳೋಕೆ. ನಾನು ಔಷಧಿ ಅಂಗಡಿ ಬಿಲ್ಲು, ಕೋಲ್ಡ್ ಸ್ಟೋರೇಜ್ ರಸೀದಿ ಎಲ್ಲ ಅದರಲ್ಲೇ ಹಾಕ್ತೀನಿ. ಮೊದಲು ಹೆಂಡತಿ ನಂಬರಿಗೆ ಕಳಿಸಿ ಇಡ್ತಿದ್ದೆ, ಅವಳಿಗೆ ಒಂದು ಕಾಟ ತಪ್ಪಿತು.

ನನಗೆ ಮುಖ್ಯವಾದ ಪರೀಕ್ಷೆ ಬೇರೆ ಇತ್ತು. ಒಣದ್ರಾಕ್ಷಿ ಫೋಟೋ. ಶೆಡ್‌ನಲ್ಲಿ ಒಣಗಿಸಿದ ಮಾಲನ್ನ ಅಂಗೈಯಲ್ಲಿ ಹಾಕ್ಕೊಂಡು, ಬಿಸಿಲಿಗೆ ನೇರ ಹಿಡಿಯದೆ ಸ್ವಲ್ಪ ನೆರಳಲ್ಲಿ ಫೋಟೋ ತೆಗೆದು ಸಾಂಗ್ಲಿ, ತಾಸಗಾಂವ ಕಡೆ ದಲಾಲರಿಗೆ ಕಳಿಸ್ತೀವಿ. ಹಸಿರು ಎಷ್ಟಿದೆ, ಎಲ್ಲಾದ್ರೂ ಕಂದು ತಿರುಗಿದೆಯಾ, ಕಾಳು ಒಂದೇ ಸೈಜಾ ಅಂತ ಅವರು ದೊಡ್ಡದು ಮಾಡಿ ನೋಡ್ತಾರೆ. ಬಣ್ಣ ಸ್ವಲ್ಪ ಮಂಕಾಗಿ ಕಂಡರೂ ರೇಟು ಮುರೀತಾರೆ. ಅರಟ್ಟೈನಲ್ಲಿ ಕಳಿಸಿದ ಫೋಟೋವನ್ನ ತಮ್ಮನ ಫೋನಿನಲ್ಲಿ ತೆಗೆದು ಕೈಯಲ್ಲಿರೋ ಮಾಲಿನ ಪಕ್ಕ ಇಟ್ಟು ನೋಡಿದೆ. ಹಸಿರು ಹಸಿರಾಗೇ ಇತ್ತು, ತೊಟ್ಟು ಉಳಿದ ಕಾಳು ಕೂಡ ಎದ್ದು ಕಾಣ್ತಿತ್ತು. ಪಾಸು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಜನ ಮುಗಿಬಿದ್ದ ಹೊತ್ತಿನಲ್ಲಿ ಇದರಲ್ಲಿ ಕಾಲ್‌ಗಳಿಗೆ ಮಾತ್ರ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇತ್ತು, ಮಾಮೂಲಿ ಚಾಟ್‌ಗೆ ಇರಲಿಲ್ಲ. ಅಂದರೆ ಕಳಿಸಿದವರು, ಓದುವವರು ಬಿಟ್ಟು ಬೇರೆ ಯಾರಿಗೂ ಮೆಸೇಜ್ ತೆರೆಯೋಕೆ ಆಗಲ್ಲ ಅನ್ನೋ ಬೀಗ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಇಬ್ಬರ ನಡುವಿನ ಚಾಟ್‌ಗೆ ಅದನ್ನ ಕೊಡೋಕೆ ಶುರು ಮಾಡಿದರು. ಸ್ವದೇಶಿ ಅಂದ ಮಾತ್ರಕ್ಕೆ ಈ ಬೀಗ ಕೇಳಬಾರದು ಅಂತೇನಿಲ್ಲ ಅಲ್ವಾ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಮ್ಮವರೇ ಹಾಕಿದ ಕೇಸಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು.

ಇನ್ನು ಕಷ್ಟದ ಮಾತು. ಆ್ಯಪ್ ಇದೆ, ಜನ ಇಲ್ಲ. ದಲಾಲರೊಬ್ಬರಿಗೆ ಅರಟ್ಟೈ ಲಿಂಕ್ ಕಳಿಸಿದರೆ ಫೋನೇ ಮಾಡಿದರು. "ಯಾಕ್ರೀ ಸಾವ್ಕಾರ್ರ, ವಾಟ್ಸಪ್ ಬಂದ್ ಆಗೇದೇನ್ರಿ? ಇಲ್ಲಂದ್ರ ಇಲ್ಲೇ ಹಾಕ್ರಿ ಫೋಟೋ." ಅವರದೇನೂ ತಪ್ಪಿಲ್ಲ. ಅವರಿಗೆ ನೂರಾರು ರೈತರು, ಎಲ್ಲರೂ ಒಂದೇ ಕಡೆ ಇದ್ದಾರೆ. 2025ರ ಅಕ್ಟೋಬರ್‌ನಲ್ಲಿ ವಾಟ್ಸ್‌ಆ್ಯಪ್ ಖಾತೆ ಬ್ಲಾಕ್ ಆಯ್ತು ಅಂತ ಒಬ್ಬರು ಸುಪ್ರೀಂ ಕೋರ್ಟ್‌ಗೆ ಹೋದರೆ, ಸ್ವದೇಶಿ ಅರಟ್ಟೈ ಇದೆಯಲ್ಲ, ಅದನ್ನ ಬಳಸಿ ಅಂತ ಪೀಠ ಹೇಳಿತು. ಹೇಳೋಕೆ ಚೆಂದ. ಆದರೆ ನಾನು ಅಲ್ಲಿಗೆ ಹೋದರೆ ನನ್ನ ಗಿರಾಕಿ ಜೊತೆಗೆ ಬರಬೇಕಲ್ಲ.

ಇಲ್ಲಿಂದಲೇ ನಮ್ಮ ಗ್ರೂಪಿನಲ್ಲಿ ಜಗಳ ಶುರುವಾಗೋದು. "ಪರದೇಶದ ಆ್ಯಪ್ ಎಲ್ಲಾ ಸರ್ಕಾರ ಬಂದ್ ಮಾಡ್ಲಿ, ತಾನಾಗೇ ಎಲ್ಲಾರೂ ಅರಟ್ಟೈಗೆ ಬರ್ತಾರ" ಅಂತ ಒಬ್ಬರು ಕಾಕಾ ಬರೆದರು, ಅದಕ್ಕೆ ಅರ್ಧ ಗ್ರೂಪು ಹೆಬ್ಬೆರಳು ಎತ್ತಿತು. ನಾನು ಎತ್ತಲಿಲ್ಲ.

ಕಾರಣ ಇದೆ. 2020ರ ಜೂನ್ 29ಕ್ಕೆ, ಚೀನಾ ಗಡಿಯಲ್ಲಿ ಗಾಲ್ವಾನ್ ಗಲಾಟೆ ಆಗಿ ಎರಡು ವಾರದಲ್ಲಿ, ಐಟಿ ಕಾಯ್ದೆಯ 69ಎ ಕಲಂ ಅಡಿ ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪ್‌ಗಳನ್ನ ಬಂದ್ ಮಾಡಿದರಲ್ಲ, ಆ ಜಾಗಕ್ಕೆ ಯಾರು ಬಂದರು? ದೇಶಿ ಆ್ಯಪ್‌ಗಳು ಸುಮಾರು ಬಂದವು. ಮೋಜ್, ಜೋಶ್, ಚಿಂಗಾರಿ. ಜುಲೈ 8ಕ್ಕೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಬಿಟ್ಟಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಈಗ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರ ಫೋನ್ ಇಣುಕಿ ನೋಡಿ, ಎರಡರಲ್ಲಿ ಒಂದು ಓಡ್ತಿರುತ್ತೆ. ಚೀನಾದ ಮಾಲೀಕ ಹೋದ, ಅಮೆರಿಕದ ಮಾಲೀಕ ಬಂದ. ಟ್ವಿಟರ್‌ಗೆ ಎದುರಾಗಿ ಬೆಂಗಳೂರಿನಲ್ಲಿ ಹುಟ್ಟಿದ ಕೂ, ಕನ್ನಡದಲ್ಲೇ ಶುರುವಾಗಿದ್ದು, ಮಂತ್ರಿಗಳೆಲ್ಲ ಸೇರಿದ್ದರು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ನನಗೆ ನಿಜಕ್ಕೂ ಬೇಜಾರಾಯ್ತು ಅದಕ್ಕೆ.

ಚೀನಾ ವಿಷಯದಲ್ಲಿ ಭಯ ಸುಳ್ಳು ಅಂತ ಹೇಳಲ್ಲ. ಗುಪ್ತಚರ ಕೆಲಸಕ್ಕೆ ಕಂಪನಿಗಳು ಸಹಕರಿಸಲೇಬೇಕು ಅಂತ ಅಲ್ಲಿ 2017ರ ಕಾಯ್ದೆಯೇ ಇದೆ, ಗಡಿಯಲ್ಲಿ ಸೈನಿಕರು ಸತ್ತಿದ್ದರು. ಆದರೆ ಶತ್ರು ದೇಶದ ಒಂದು ಆ್ಯಪ್ ಬೇಡ ಅನ್ನೋದಕ್ಕೂ, ಹೊರಗಿನದು ಅನ್ನೋ ಕಾರಣಕ್ಕೇ ಎಲ್ಲ ಬೇಡ ಅನ್ನೋದಕ್ಕೂ ಬಹಳ ಅಂತರ ಇದೆ. ಅಮೆರಿಕದವರು ಕೂಡ 2024ರಲ್ಲಿ ಟಿಕ್‌ಟಾಕ್ ಮೇಲೆ ಕಾನೂನು ತಂದರು, ಆದರೆ ಅಲ್ಲಿನ ವ್ಯವಹಾರ ಮಾರಿಬಿಡಿ, ಇಲ್ಲಾ ಬಂದ್ ಮಾಡಿ ಅಂತ ಗಡುವು ಕೊಟ್ಟರು. ಇಲ್ಲಿ ರಾತ್ರೋರಾತ್ರಿ. ಹಳ್ಳಿ ಹುಡುಗರು ಕಷ್ಟಪಟ್ಟು ಗಳಿಸಿದ ಫಾಲೋವರ್ಸ್ ಎಲ್ಲ ಒಂದೇ ಏಟಿಗೆ ಹೋಯ್ತು, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎಲ್ಲ ಒಟ್ಟಿಗೆ ಬಂದ್ ಮಾಡಿದರೆ ಏನಾಗುತ್ತೆ ಅಂತ ನೇಪಾಳ ನೋಡಿ. 2025ರ ಸೆಪ್ಟೆಂಬರ್ 4ಕ್ಕೆ ಫೇಸ್‌ಬುಕ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಸೇರಿ 26 ಬಂದ್, ನೋಂದಣಿ ಮಾಡಿಸಿಲ್ಲ ಅಂತ. ನೋಂದಣಿ ಮಾಡಿಸಿದ್ದ ಟಿಕ್‌ಟಾಕ್ ಮಾತ್ರ ಆರಾಮಾಗಿ ಓಡ್ತಿತ್ತು! ಭ್ರಷ್ಟಾಚಾರದ ಮೇಲಿನ ಸಿಟ್ಟು ಮೊದಲೇ ಇತ್ತು, ಇದು ಸೇರಿ 8ನೇ ತಾರೀಖು ಹುಡುಗರು ಬೀದಿಗಿಳಿದರು, ಗುಂಡಿಗೆ ಜನ ಸತ್ತರು, ಮರುದಿನ ಪ್ರಧಾನಿ ಓಲಿ ರಾಜೀನಾಮೆ. ಆ ದೇಶದಲ್ಲಿ ಮನೆಗೊಬ್ಬರು ಹೊರಗೆ ದುಡೀತಾರೆ ಅನ್ನೋ ಹಾಗಿದೆ ಸ್ಥಿತಿ, ಅವರ ಜೊತೆ ಮಾತಾಡೋ ದಾರಿನೇ ಮುಚ್ಚಿದ ಹಾಗಾಯ್ತು.

ನಮ್ಮ ಜಿಲ್ಲೆಯಲ್ಲೂ ಅದೇ ಕಥೆ. ಗುಳೆ ಹೋಗೋರು ಎಷ್ಟು ಜನ, ಗೋವಾಕ್ಕೆ, ಪುಣೆಗೆ, ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ. ನಮ್ಮ ಶೆಡ್‌ಗೆ ಮಾಲು ಆರಿಸೋಕೆ ಬರೋ ಅಜ್ಜಿ ಮೊಮ್ಮಗನನ್ನ ತೊಡೆ ಮೇಲೆ ಕೂರಿಸಿಕೊಂಡು ಮಗಳಿಗೆ ವಿಡಿಯೋ ಕಾಲ್ ಮಾಡ್ತಾಳೆ. ಫೋನ್ ಎತ್ತಿ ಹಿಡಿದು ಬರೀ ಹಣೆ, ಮೇಲಿನ ತಗಡು ಕಾಣೋ ಹಾಗೆ ಮಾಡಿರ್ತಾಳೆ. ಆಚೆಯಿಂದ ಮಗಳು "ಕೆಳಗ ಹಿಡಿ ಯವ್ವಾ, ಹುಡುಗನ ಮಾರಿ ಕಾಣವಲ್ದು" ಅಂತ ಒದರ್ತಾಳೆ. ಈ ಅಜ್ಜಿಗೆ ಆ್ಯಪ್ ಯಾವ ದೇಶದ್ದು ಅಂತ ಗೊತ್ತಿಲ್ಲ, ಹಸಿರು ಬಟನ್ ಗೊತ್ತು. ಅದನ್ನ ಕಿತ್ತುಕೊಂಡು ಹೊಸದು ಕಲಿ ಅನ್ನೋದು ಯಾವ ದೇಶಪ್ರೇಮ?

ಹಾಗಂತ ಹೊರಗಿನ ಕಂಪನಿಗಳು ಮನಸ್ಸಿಗೆ ಬಂದ ಹಾಗೆ ಮಾಡಲಿ ಅಂತಲೂ ಅಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ವಾಟ್ಸ್‌ಆ್ಯಪ್‌ನ 2021ರ ಪ್ರೈವೆಸಿ ಪಾಲಿಸಿ ವಿಷಯಕ್ಕೆ ಅದರ ಮಾಲೀಕ ಕಂಪನಿ ಮೆಟಾ ಮೇಲೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಬಂದ್ ಮಾಡದೆಯೇ ಬಿಸಿ ಮುಟ್ಟಿಸಬಹುದು. ನನಗೆ ಸರಿ ಅನ್ನಿಸೋ ದಾರಿ ಯುಪಿಐದು. ಫೋನ್‌ಪೇ ವಾಲ್‌ಮಾರ್ಟ್‌ನದು, ಗೂಗಲ್ ಪೇ ಗೂಗಲ್‌ನದು, ಎರಡೂ ಹೊರಗಿನವರ ಕೈಯಲ್ಲೇ ಇವೆ, ಯುಪಿಐನ ದೊಡ್ಡ ಪಾಲು ಅವರದೇ. ಆದ್ರೂ ಯಾರೂ ಬಂದ್ ಮಾಡಿ ಅಂತ ಕೂಗಲ್ಲ. 2016ರಿಂದ ಹಳಿ ಯುಪಿಐ ನಡೆಸೋ ನಮ್ಮ ದೇಶದ ಸಂಸ್ಥೆ ಎನ್‌ಪಿಸಿಐದು, ಮೇಲೆ ಓಡೋ ಬಂಡಿ ಯಾರದಾದ್ರೂ ಇರಲಿ. ನಾನು ಒಂದರಿಂದ ಕಳಿಸಿದ ದುಡ್ಡು ಚಾ ಅಂಗಡಿಯವನ ಇನ್ನೊಂದಕ್ಕೆ ಹೋಗುತ್ತೆ. ಮೆಸೇಜ್ ಯಾಕೆ ಹಾಗೆ ಹೋಗಬಾರದು? ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಅಂತ ತಂದು, ಬೇರೆ ಆ್ಯಪ್‌ನವರ ಮೆಸೇಜಿಗೂ ಬಾಗಿಲು ತೆರೀರಿ ಅಂತ ವಾಟ್ಸ್‌ಆ್ಯಪ್‌ಗೆ ಹೇಳಿದ್ದಾರೆ. ಯುಪಿಐ, ಇಮೇಲ್ ಥರ ಎಲ್ಲ ಆ್ಯಪ್ ಒಂದಕ್ಕೊಂದು ಮಾತಾಡಬೇಕು ಅಂತ ವೆಂಬು ಅವರೂ ಹೇಳಿದ್ದಾರೆ. ಸರ್ಕಾರ ಇದೊಂದು ಕಾನೂನು ಮಾಡಲಿ, ಅರಟ್ಟೈ ತನ್ನ ತಾಕತ್ತಿನ ಮೇಲೇ ನಿಲ್ಲುತ್ತೆ. ಆಗ ನಾನು ಅರಟ್ಟೈನಲ್ಲಿ ಕಳಿಸಿದ ಫೋಟೋ ದಲಾಲರ ವಾಟ್ಸ್‌ಆ್ಯಪ್‌ನಲ್ಲಿ ಬೀಳುತ್ತೆ, ಅವರು ಫೋನ್ ಮಾಡಿ ಬೈಯೋದು ತಪ್ಪುತ್ತೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಮನೆಯವರ ಗ್ರೂಪು, ಕಾಗದ ಪತ್ರ ಇಟ್ಟುಕೊಳ್ಳೋಕೆ ಧಾರಾಳವಾಗಿ ಹಾಕ್ಕೊಳ್ಳಿ, ದುಡ್ಡೇನೂ ಇಲ್ಲ. ವ್ಯಾಪಾರ ಪೂರ್ತಿ ಇದಕ್ಕೆ ತರೋದು ಈಗಲೇ ಆಗದ ಮಾತು. ತಿಕೋಟಾ, ಬಬಲೇಶ್ವರ ಕಡೆಯವರು ಯಾರಾದ್ರೂ ಇದರಲ್ಲೇ ಮಾಲು ಮಾರಿದ್ದರೆ ತಿಳಿಸಿ, ಯಾವ ದಲಾಲರು ಇದ್ದಾರೆ ಅಂತಲೂ ಹೇಳಿ.