ಇಳಕಲ್ ಕೆಂಪು ಗ್ರಾನೈಟ್: ಅಡುಗೆಮನೆ ಕಟ್ಟೆಗೆ ಹೇಗೆ?

ಬಾಗಲಕೋಟೆ ಜಿಲ್ಲೆಯ ಈ ಕಲ್ಲಿಗೆ 5ಕ್ಕೆ 4 ಅಂಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೆ ಕರಗಿದ ಶಿಲಾರಸ ಮೇಲೇರಿ, ಕೆಲವು ಕಿಲೋಮೀಟರ್ ಆಳದಲ್ಲೇ ನಿಂತು ಆರಿತು. ಇಂಥ ರಸ ಒಮ್ಮೆಲೇ ಬರುವುದಿಲ್ಲ, ಕಂತುಕಂತಾಗಿ ನುಗ್ಗುತ್ತದೆ. ನಿಧಾನ ಆರಿದ್ದರಿಂದಲೇ ಹರಳು ದಪ್ಪ: ಗುಲಾಬಿ ಫೆಲ್ಡ್‌ಸ್ಪಾರ್, ಬೂದು ಕ್ವಾರ್ಟ್ಜ್, ಕಪ್ಪು ಬಯೋಟೈಟ್.

ಕಪ್ಪು ಮಚ್ಚೆ ಕಂಡರೆ ಹೆದರಬೇಡಿ. ಹಳೆಯ ಬಂಡೆಯ ಚೂರು ರಸದಲ್ಲಿ ಸಿಕ್ಕಿಕೊಂಡ ಗುರುತು ಅದು. ತಿಳಿಬಣ್ಣದ ಪಟ್ಟೆ, ಕೊನೆಗೆ ಉಳಿದ ರಸ ಬಿರುಕಿಗೆ ಹೊಕ್ಕು ಗಟ್ಟಿಯಾದದ್ದು, ನೋಡಲು ಚೆಂದವೇ. ಆದರೆ ಉಗುರು ತಾಗುವ ಗೆರೆ ನಿಜವಾದ ಬಿರುಕು. ಅದರ ಮೇಲೆ ನೀರು ಹಾಕಿ ಒರೆಸಿ. ಗೆರೆ ಮಾತ್ರ ಕಪ್ಪಾಗಿ ಉಳಿದರೆ ಆ ಸ್ಲ್ಯಾಬ್ ಬೇಡ.

ಕಟ್ಟೆಗೆ 18ರಿಂದ 20 ಮಿ.ಮೀ. ದಪ್ಪ ಇರಲಿ. ಸಿಂಕ್ ಕೊರೆಯುವಾಗ ಮೂಲೆ ದುಂಡಾಗಿರಬೇಕೆಂದು ಗೌಂಡಿಗೆ ಮೊದಲೇ ಹೇಳಿ, ಚೂಪು ಮೂಲೆಯಿಂದಲೇ ಕಲ್ಲು ಸೀಳುತ್ತದೆ. ಎಲ್ಲ ಸ್ಲ್ಯಾಬ್ ಒಂದೇ ದಿಮ್ಮಿಯಿಂದ ತೆಗೆಸಿ. ಶಿಲಾರಸದ ಕಂತು ಬೇರೆಯಾದರೆ ಬಣ್ಣವೂ ಬೇರೆ, ಒಂದು ಅಂಕ ಕಡಿದದ್ದು ಅದಕ್ಕೇ. ನಿಂಬೆರಸಕ್ಕೆ ಮಾರ್ಬಲ್‌ನಂತೆ ಹೊಳಪು ಕಳೆದುಕೊಳ್ಳುವುದಿಲ್ಲ. ಎಣ್ಣೆ ಮಾತ್ರ ಬೇಗ ಒರೆಸಿ.