ಫ್ಲೋರೈಡ್ ಬೇಡ ಅಂದುಕೊಂಡು ಮಗನ ಹಲ್ಲು ಹಾಳು ಮಾಡಿದೆ, ನೀವು ಹೀಗೆ ಮಾಡಬೇಡಿ

ನನ್ನೂರು ಪಾವಗಡದ ಕಡೆ. ನಮ್ಮ ಬೀದಿಯಲ್ಲಿ ಯಾರು ನಕ್ಕರೂ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತಿತ್ತು. ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ ಅದು. ನನ್ನ ಮುಂದಿನ ಎರಡು ಹಲ್ಲಿಗೂ ಅದೇ ಕಲೆ. ಕಾಲೇಜಿನ ಒಂದು ಫೋಟೊದಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ.

ಅದಕ್ಕೇ ಬೆಂಗಳೂರಿನಲ್ಲಿ ಮಗ ಹುಟ್ಟಿದಾಗ ಇವನ ಬಾಯಿಗೆ ಫ್ಲೋರೈಡ್ ಸೋಕಿಸಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. 'ಫ್ಲೋರೈಡ್ ಇಲ್ಲ' ಎಂದು ದೊಡ್ಡದಾಗಿ ಬರೆದಿರುವ ಸ್ಟ್ರಾಬೆರಿ ಪೇಸ್ಟನ್ನೇ ಹುಡುಕಿ ತರುತ್ತಿದ್ದೆ. ಬೆಳಿಗ್ಗೆ ಅವನೇ ಹಲ್ಲುಜ್ಜುತ್ತಿದ್ದ. ಉಜ್ಜುವುದು ಅಂದ್ರೆ ಬ್ರಷ್ ಚೀಪಿ ಉಗಿಯುವುದು. ರಾತ್ರಿ ಉಜ್ಜಿಸುವ ಅಭ್ಯಾಸವೇ ನಮ್ಮಲ್ಲಿ ಇರಲಿಲ್ಲ. ಮೂರು ವರ್ಷದವರೆಗೂ ಸಕ್ಕರೆ ಹಾಕಿದ ಹಾಲಿನ ಬಾಟಲ್ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದ.

ಎರಡು ವರ್ಷ ದಾಟಿದ ಮೇಲೆ ಮುಂದಿನ ಮೇಲ್ಹಲ್ಲುಗಳಲ್ಲಿ, ಒಸಡಿಗೆ ಅಂಟಿಕೊಂಡ ಹಾಗೆ ಒಂದು ಬಿಳಿ ಗೆರೆ ಕಂಡಿತು. ಸುಣ್ಣ ತಾಗಿದಂತೆ, ಹೊಳಪಿಲ್ಲದ ಬಿಳಿ. ಹಾಲಿನ ಕೆನೆ ಇರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಸುಮ್ನೆ ಬಿಟ್ಟೆ. ಹುಳುಕು ಶುರುವಾಗುವುದೇ ಹೀಗೆ. ಆಗಿನ್ನೂ ಹಲ್ಲು ತೂತಾಗಿರುವುದಿಲ್ಲ. ಫ್ಲೋರೈಡ್ ಸಿಕ್ಕಿ, ಸಿಹಿ ಕಡಿಮೆಯಾದರೆ ಹಲ್ಲು ಮತ್ತೆ ಗಟ್ಟಿಯಾಗಬಹುದು. ನನಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಗೆರೆ ಕಂದು ಬಣ್ಣಕ್ಕೆ ತಿರುಗಿತು. ಅಮ್ಮನಿಗೆ ಫೋನ್ ಮಾಡಿದೆ. "ಬೀಳೋ ಹಲ್ಲಿಗೆ ಯಾಕಮ್ಮಾ ಅಷ್ಟು ಯೋಚನೆ? ಹೊಸದು ಬರ್ತದೆ ಬಿಡು" ಅಂದರು. ಆ ಮಾತಿನಿಂದ ನನಗೂ ಸಮಾಧಾನವಾಯಿತು.

ನಾಲ್ಕೂವರೆ ವರ್ಷದಲ್ಲಿ ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಎದ್ದು ಕೂತ. ಜೋರಾಗಿ ಅಳಲೂ ಇಲ್ಲ, ಬಾಯಿ ತೆರೆದರೆ ಇನ್ನೂ ನೋವು. ಬೆಳಗಾಗುವಷ್ಟರಲ್ಲಿ ದವಡೆ ಊದಿತ್ತು, ಮೈ ಸುಡುತ್ತಿತ್ತು. ಕೆಳ ದವಡೆಯ ಒಸಡಿನ ಮೇಲೆ ಹೆಸರುಕಾಳಿನಷ್ಟು ಕೀವಿನ ಗುಳ್ಳೆ. ಒಂದು ಹಲ್ಲು ಉಳಿಯುವ ಹಾಗಿರಲಿಲ್ಲ, ಕೀಳಿಸಿದೆವು. ಇನ್ನೆರಡಕ್ಕೆ ರೂಟ್ ಕೆನಾಲ್ ತರಹದ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿದರು. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲದಂತೆ ಒಂದು ತಂತಿ ಕೂರಿಸಿದರು. ದವಡೆಯ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡು ವರ್ಷಕ್ಕಂತೆ. ಅಲ್ಲಿಯವರೆಗೆ ಮಗು ಅಗಿಯುವುದು ಅದರಲ್ಲೇ, ಹೊಸ ಹಲ್ಲಿಗೆ ಜಾಗ ಕಾಯುವುದೂ ಅದೇ.

ಡಾಕ್ಟರ್ ನನ್ನ ಹಲ್ಲು ನೋಡಿ "ಯಾವೂರಮ್ಮಾ ನಿಮ್ಮದು?" ಅಂದರು. ಊರು ಹೇಳಿದ ಮೇಲೆ ಅವರು ತಿಳಿಸಿ ಹೇಳಿದ್ದನ್ನು ನಮ್ಮ ಕಡೆಯವರೆಲ್ಲ ಕೇಳಿಸಿಕೊಳ್ಳಬೇಕು. ನಮ್ಮ ಹಲ್ಲಿಗೆ ಕಲೆ ಬಂದಿದ್ದು, ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ದಿನವೂ ಆ ನೀರು ಕುಡಿದು, ಫ್ಲೋರೈಡ್ ಹೊಟ್ಟೆಗೆ ಜಾಸ್ತಿ ಹೋಗಿದ್ದರಿಂದ. ಪೇಸ್ಟಿನದು ಹಲ್ಲಿನ ಮೇಲೆ ಕೂತು ಕೆಲಸ ಮಾಡುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಸಿಹಿಯನ್ನು ಹುಳಿ ಮಾಡಿ ಹಲ್ಲು ಕರಗಿಸುತ್ತವೆ. ಕರಗಿದ್ದನ್ನು ತುಂಬಿಕೊಳ್ಳಲು ಹಲ್ಲಿಗೆ ಫ್ಲೋರೈಡ್ ಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಉಜ್ಜುವುದು ಬಹಳ ಮುಖ್ಯ.

ಪೇಸ್ಟಿನ ಅಳತೆಯನ್ನೂ ತೋರಿಸಿದರು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಹಾಕಿದರೆ ಮಕ್ಕಳು ನುಂಗುತ್ತಾರೆ, ಅದು ಬೇಡ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಫ್ಲೋರೈಡ್ ಎಷ್ಟು ಪಿಪಿಎಂ ಅಂತ ಇರುತ್ತದೆ, 1000ದ ಆಸುಪಾಸು ಇದೆಯಾ ನೋಡಿ. ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಇರುವುದೇ ಇಲ್ಲ, ಕೆಲವಕ್ಕೆ ಅರ್ಧದಷ್ಟು. ನಿಮ್ಮ ಮನೆಯಲ್ಲಿ ಇವತ್ತಿಗೂ ಫ್ಲೋರೈಡ್ ಜಾಸ್ತಿ ಇರುವ ಬೋರ್ ನೀರನ್ನೇ ಕುಡಿಯುತ್ತಿದ್ದರೆ ಮಾತ್ರ ಪೇಸ್ಟ್ ಆರಿಸುವ ಮುಂಚೆ ಹಲ್ಲಿನ ಡಾಕ್ಟರನ್ನು ಒಮ್ಮೆ ಕೇಳಿ.

ಈಗ ದಿನಕ್ಕೆರಡು ಸಲ ನಾನೇ ಉಜ್ಜುತ್ತೇನೆ, ಎರಡು ನಿಮಿಷ. ತಲೆ ನನ್ನ ತೊಡೆ ಮೇಲೆ, ತುಟಿ ಬೆರಳಲ್ಲಿ ಎತ್ತಿ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹದ ಬರುವುದಿಲ್ಲವಂತೆ. ಉಗಿಸುತ್ತೇನೆ, ನೀರು ಹಾಕಿ ಮುಕ್ಕಳಿಸಲು ಬಿಡುವುದಿಲ್ಲ. ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ.

ಹೋದ ತಿಂಗಳು ಮೊಬೈಲ್ ಟಾರ್ಚ್ ಹಾಕಿ ನೋಡುವಾಗ, ಸ್ಟೀಲ್ ಕ್ಯಾಪಿನ ಹಿಂದೆ ಒಸಡು ಸೀಳಿಕೊಂಡು ಬಿಳಿ ತುದಿ ಕಂಡಿತು. ಯಾವ ಹಾಲುಹಲ್ಲೂ ಬೀಳದೆ, ಆರು ವರ್ಷದ ಹೊತ್ತಿಗೆ ಸದ್ದಿಲ್ಲದೆ ಬರುವ ದವಡೆ ಹಲ್ಲು ಅದು. ಹಾಲುಹಲ್ಲೇ ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದಿನ್ನು ಬಿದ್ದರೆ ಮತ್ತೊಂದು ಬರುವುದಿಲ್ಲ. ನಿಮ್ಮ ಮಗುವಿಗೂ ಐದೂವರೆ, ಆರು ಆಗಿದ್ದರೆ ಇವತ್ತು ರಾತ್ರಿ ಟಾರ್ಚ್ ಹಾಕಿ ಕೊನೆಯ ಹಲ್ಲಿನ ಹಿಂದೆ ಒಮ್ಮೆ ನೋಡಿ.